ಮಣ್ಣಿಗೆ ಬಣ್ಣ ಬಳಿದವರು

ತ್ಯಾಗರಾಜನಗರದಲ್ಲಿ ಒಂದು ಹಳೆಯ ಬಾವಿ ಮುಚ್ಚುತ್ತಿದ್ದರು. ೧೯೯೭ನೇ ಇಸವಿಯ ಜೂನ್ ತಿಂಗಳು. ತಂಗಿಯ ಮನೆಯಲ್ಲಿ ಉಳಿದಿದ್ದ ಅಲಮೇಲು ಬೆಳಿಗ್ಗೆ ಅಲ್ಲಿಂದಲೇ ಶಾಲೆಗೆ ಹೊರಟಿದ್ದಳು. ಲಾರಿಯಿಂದ ಇಟ್ಟಿಗೆ ಚೂರು ಸುರಿಯುವ ಸದ್ದಿನ ನಡುವೆ ಬಾವಿಯೊಳಗಿಂದ ವಟಗುಟ್ಟುವುದು ಕೇಳಿಸಿ ನಿಂತಳು.

"ನಿಲ್ಸ್ರೀ, ಒಳಗೆ ಜೀವ ಇದೆ," ಎಂದು ಕೂಗಿದಳು.

ಮೇಸ್ತ್ರಿ ಗಾಬರಿಯಾಗಿ ಬಗ್ಗಿ ನೋಡಿದ. "ಯಾರೂ ಇಲ್ವಲ್ಲ ಮೇಡಂ."

"ಕಪ್ಪೆ ಇದಾವಲ್ಲ, ಕಾಣಲ್ವಾ?"

ಮೇಸ್ತ್ರಿ ನಕ್ಕ. ಲಾರಿಯ ಡ್ರೈವರೂ ನಕ್ಕ. ಅಲಮೇಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಚೀಲ ಎದೆಗೆ ಅವಚಿಕೊಂಡು, ಹೋಗಿ ಲಾರಿಯ ಹಿಂಭಾಗಕ್ಕೂ ಬಾವಿಯ ಕಟ್ಟೆಗೂ ನಡುವೆ ನಿಂತುಬಿಟ್ಟಳು. ಇನ್ನು ಸುರಿಯಬೇಕೆಂದರೆ ಅವಳ ತಲೆಯ ಮೇಲೇ ಸುರಿಯಬೇಕಿತ್ತು. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಮೇಸ್ತ್ರಿಯೇ ಸೋತು ಹಗ್ಗಕ್ಕೆ ಬಕೆಟ್ ಕಟ್ಟಿಸಿ ಇಳಿಸಿದ. ಎಂಟು ಹತ್ತು ಸಲ ಇಳಿಸಿ ಎತ್ತಿದ ಮೇಲೆ ಐದು ಕಪ್ಪೆ, ಎರಡು ಏಡಿ ಸಿಕ್ಕವು. ಅಷ್ಟನ್ನೂ ಒದ್ದೆ ಬಟ್ಟೆ ಹಾಸಿದ ಕೈಚೀಲದಲ್ಲಿಟ್ಟುಕೊಂಡು, ಊಟದ ಡಬ್ಬಿಯನ್ನು ಮಾತ್ರ ಕೈಯಲ್ಲಿ ಹಿಡಿದು, ಅವಳು ಆಟೋ ಹತ್ತಿ ಚಾಮರಾಜಪೇಟೆಗೆ ಬಂದಳು.

ಚಾಮರಾಜಪೇಟೆಯ ಆ ಬಾಲಕಿಯರ ಪ್ರೌಢಶಾಲೆಯಲ್ಲಿ ಅಲಮೇಲು ಇಪ್ಪತ್ನಾಲ್ಕು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದಳು. ಆಗ ಅವಳಿಗೆ ನಲವತ್ತೊಂಬತ್ತು. ಮನೆ ಬಸವನಗುಡಿಯಲ್ಲಿ. ಗಂಡ ಬದರೀನಾರಾಯಣ ಬ್ಯಾಂಕಿನಲ್ಲಿ ಗುಮಾಸ್ತ, ಮೆಲುದನಿಯ ಮನುಷ್ಯ. ಅಲಮೇಲು ಸಿಟ್ಟಿನವಳು ಎನ್ನುವುದು ಎರಡು ಬಡಾವಣೆಗಳಿಗೂ ಗೊತ್ತಿತ್ತು. ಹುಡುಗಿಯರು ಓದದಿದ್ದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ನೋಡದೆ ನೋಡಿದೆನೆಂದು ಬರೆದರೆ ಬರುತ್ತಿತ್ತು. ಎಲೆಯ ಚಿತ್ರವನ್ನು ಪುಸ್ತಕ ನೋಡಿ ಬರೆದವಳನ್ನು ಅಂಗಳಕ್ಕೆ ಕಳಿಸಿ, ನಿಜವಾದ ಎಲೆಯ ಮುಂದೆ ಕೂರಿಸಿ ಮತ್ತೆ ಬರೆಸುತ್ತಿದ್ದಳು.

ಪ್ರಯೋಗಾಲಯದ ಮೂಲೆಯಲ್ಲಿ ಮುರಿದ ಕುರ್ಚಿಗಳ ಜೊತೆ ಐದಡಿ ಉದ್ದದ ಒಂದು ಗಾಜಿನ ತೊಟ್ಟಿ ಬಿದ್ದಿತ್ತು. ಅಲಮೇಲು ಅದನ್ನು ತೊಳೆಸಿ, ಅರ್ಧ ನೀರು ಅರ್ಧ ನೆಲ ಮಾಡಿ ಕಪ್ಪೆ ಏಡಿಗಳನ್ನು ಬಿಟ್ಟಳು. ಎರಡೇ ದಿನಕ್ಕೆ ಕಪ್ಪೆಗಳ ಮೂತಿ ಕೆಂಪಾಯಿತು. ಹಿಂದಿನ ಗಾಜು ಅವುಗಳ ಕಣ್ಣಿಗೆ ಗೋಡೆಯೇ ಅಲ್ಲ. ಅದರಾಚೆಗೆ ಹಾರಿಹೋಗಲು ಮತ್ತೆ ಮತ್ತೆ ನೆಗೆದು ಬಡಿದುಕೊಳ್ಳುತ್ತಿದ್ದವು. ಬಾವಿಯಲ್ಲಿ ಅವುಗಳ ಬೆನ್ನಿಗೆ ಮಣ್ಣಿನ ಗೋಡೆ ಇತ್ತು, ಅದರಲ್ಲಿ ಗಿಡ ಇತ್ತು, ಸಂದು ಇತ್ತು. ಇಲ್ಲಿಯೂ ಅದೇ ಬೇಕು ಎಂದುಕೊಂಡ ಅಲಮೇಲು, ಗಣೇಶನ ಮೂರ್ತಿ ಮಾಡುವವರ ಹತ್ತಿರ ಒಂದು ಚೀಲ ಜೇಡಿಮಣ್ಣು ತಂದು, ಹಿಂದಿನ ಗಾಜಿಗೆ ಮೂರು ಬೆರಳು ದಪ್ಪಕ್ಕೆ ಮೆತ್ತಿದಳು. ಅಲ್ಲಲ್ಲಿ ಗೂಡು ಕೊರೆದು ಜರಿಗಿಡ ನೆಟ್ಟಳು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಎಂಟನೆಯ ದಿನ ಗೋಡೆ ಕುಸಿಯಿತು. ನೀರು ತಾಗುತ್ತಿದ್ದ ಬುಡ ಕರಗಿ, ಮೇಲಿನ ಭಾಗವೆಲ್ಲ ಒಂದೇ ಸಲ ಜಾರಿ, ಒಂದು ಏಡಿ ಅದರಡಿ ಸಿಕ್ಕಿ ಸತ್ತಿತು. ಅಲಮೇಲು ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಎಂಟನೇ ತರಗತಿಯ ಬೋರ್ಡಿನ ಮೇಲೆ ಬರೆದಳು: 'ಏಡಿ ಸತ್ತದ್ದು ನನ್ನ ತಪ್ಪಿನಿಂದ. ಹಸಿ ಜೇಡಿ ನೀರು ತಾಗಿದರೆ ಕರಗುತ್ತದೆ. ನಾನು ಮೊದಲು ಪರೀಕ್ಷೆ ಮಾಡಲಿಲ್ಲ.' ಹುಡುಗಿಯರೆಲ್ಲ ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳಬೇಕಾಯಿತು.

ಆ ವಾರ ಗಾಂಧಿಬಜಾರಿನಲ್ಲಿ ಸೊಪ್ಪು ಕೊಳ್ಳುವಾಗ, ಸೊಪ್ಪಿನ ಮುನಿಗಂಗಮ್ಮ ಅವಳ ಕೈ ಹಿಡಿದು ಉಗುರು ನೋಡಿದಳು. ಅಲಮೇಲು ಹನ್ನೆರಡು ವರ್ಷದಿಂದ ಅವಳಲ್ಲೇ ಸೊಪ್ಪು ಕೊಳ್ಳುತ್ತಿದ್ದಳು.

"ಇದೇನ್ ಮೇಡಂ, ಪಾಠ ಹೇಳೋದು ಬಿಟ್ಟು ಒಲೆ ಮೆತ್ತೋಕೆ ಹೊಂಟ್ರಾ?"

ಅಲಮೇಲು ನಡೆದದ್ದೆಲ್ಲ ಹೇಳಿದಳು. ಮುನಿಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ.

"ಬರೀ ಜೇಡಿ ನಿಲ್ತದಾ? ನಾರು ಹಾಕ್ಬೇಕು. ತುಳೀಬೇಕು. ನಾಲ್ಕು ದಿನ ಕೊಳೆಯಾಕ್ ಬಿಡ್ಬೇಕು. ನೀರು ಮುಟ್ಟೋ ಕಡೆ ಹೆಂಚು ನಿಲ್ಲಿಸ್ಬೇಕು, ಸುಟ್ಟ ಮಣ್ಣು ಕರಗಲ್ಲ. ನಮ್ಮ ತೋಟದ ಕಾಲುವೆ ನಾವು ಹಂಗೇ ಕಟ್ಟೋದು. ನಿಮಗೆ ಓದಿಸ್ದೋರು ಇದ್ನ ಹೇಳ್ಕೊಡ್ಲಿಲ್ವಾ?"

ಮುನಿಗಂಗಮ್ಮನ ತವರಿನವರ ತೋಟ ಯಲಚೇನಹಳ್ಳಿಯ ಕಡೆ ಇತ್ತು. ಅದರ ಹಿಂದೊಂದು ಕುಂಟೆ, ಮಳೆನೀರು ನಿಲ್ಲುವ ಸಣ್ಣ ಹೊಂಡ. ಅದರ ತಳದ ಮಣ್ಣು ಬೂದುಬಣ್ಣದ್ದು, ಬೆಣ್ಣೆಯಂಥದ್ದು. ಮುಂದಿನ ಭಾನುವಾರ ಅವಳೇ ಎರಡು ಮಂಕರಿ ಮಣ್ಣು ಹೊತ್ತುಕೊಂಡು ಶಾಲೆಗೆ ಬಂದಳು. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಬೆರೆಸಿ, ಸೀರೆ ಎತ್ತಿಕಟ್ಟಿ ತುಳಿದಳು. ಅಲಮೇಲುವನ್ನೂ ತುಳಿಸಿದಳು. "ಹಿಂಗಾ ತುಳಿಯೋದು? ಮಣ್ಣಿಗೇನು ಕಚಗುಳಿ ಇಡ್ತಿದೀರಾ?" ಎಂದು ಗದರಿದಳು. ಶಾಲೆಯಲ್ಲಿ ಅಲಮೇಲುವನ್ನು ಗದರಿದವರು ಅದುವರೆಗೆ ಯಾರೂ ಇರಲಿಲ್ಲ.

ಈ ಗೋಡೆ ನಿಂತಿತು. ನೀರಿನ ಮಟ್ಟದವರೆಗೆ ಹೆಂಚಿನ ಸಾಲು, ಅದರ ಮೇಲೆ ಒಳಕ್ಕೆ ವಾಲಿದ ಮಣ್ಣು. ಒಣಗಿದರೆ ಬಿರುಕು ಬಿಡುತ್ತದೆಂದು ದಿನಕ್ಕೆರಡು ಸಲ ನೀರು ಚಿಮುಕಿಸಲು ಹುಡುಗಿಯರ ಪಾಳಿ ಆಯಿತು. ಮುನಿಗಂಗಮ್ಮ ಮಾರುವ ಸೊಪ್ಪಿನಿಂದಲೇ ಆರಿಸಿ ಒಂದೆಲಗ, ಹೊನಗೊನ್ನೆಯ ಬೇರುಳ್ಳ ಕಡ್ಡಿಗಳನ್ನು ಸಿಕ್ಕಿಸಿದಳು. ಎರಡು ತಿಂಗಳಿಗೆ ಗೋಡೆಯ ತುಂಬ ಪಾಚಿ ಹತ್ತಿತು. ಒಂದೆಲಗ ನೀರಿನವರೆಗೆ ಇಳಿದು, ನೀರಿನೊಳಗೂ ಚಿಗುರಿತು. ಕಪ್ಪೆಗಳ ಮೂತಿ ವಾಸಿಯಾಯಿತು. ಉಳಿದ ಒಂದು ಏಡಿ ಮಣ್ಣಿನಲ್ಲಿ ಬಿಲ ತೋಡಿಕೊಂಡಿತು. ಅದು ತೋಡಿದ್ದನ್ನು ತಿಂಗಳಿಗೊಮ್ಮೆ ಮುನಿಗಂಗಮ್ಮ ಬಂದು ಬೈಯುತ್ತಲೇ ಮೆತ್ತಿ ಹೋಗುತ್ತಿದ್ದಳು. ಬೇರೆ ಶಾಲೆಗಳ ಮೇಷ್ಟ್ರುಗಳು ನೋಡಲು ಬಂದರು. ಯಾರು ಮಾಡಿದ್ದು ಎಂದು ಕೇಳಿದವರಿಗೆಲ್ಲ ಅಲಮೇಲು, "ಗಾಂಧಿಬಜಾರಿನ ಮುನಿಗಂಗಮ್ಮ ಮಾಡಿದ್ದು, ನಾನು ತುಳಿದೆ ಅಷ್ಟೇ," ಎನ್ನುತ್ತಿದ್ದಳು.

೧೯೯೯ರ ಜನವರಿಯಲ್ಲಿ ಶಾಲೆಗೆ ಐವತ್ತು ತುಂಬಿತು. ಸುವರ್ಣ ಮಹೋತ್ಸವದ ಹಿಂದಿನ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿ ವರದರಾಜ ಎಲ್ಲ ಕೋಣೆಗಳನ್ನೂ ನೋಡುತ್ತ ಬಂದ. ಅಚ್ಚುಕಟ್ಟಾಗಿ ಉಡುವ, ಅಚ್ಚುಕಟ್ಟಾಗಿ ಮಾತಾಡುವ ಮನುಷ್ಯ. ತೊಟ್ಟಿಯ ಮುಂದೆ ನಿಂತು ಮೂಗು ಮುರಿದ.

"ಏನ್ರೀ ಇದು, ಮೋರಿ ಗೋಡೆ ಇದ್ದ ಹಾಗಿದೆ. ಮುಖ್ಯ ಅತಿಥಿಗಳು ಇದನ್ನ ನೋಡಿ ಏನಂದ್ಕೋಬೇಕು?"

"ಮೋರಿ ಅಲ್ಲ ಸಾರ್, ಬಾವಿ," ಎಂದಳು ಅಲಮೇಲು. ಅವನು ನಕ್ಕು ಮುಂದೆ ಹೋದ. ಅದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಅಲಮೇಲು ಮನೆಗೆ ಬಂದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಪ್ರಯೋಗಾಲಯದ ಬಾಗಿಲು ತೆಗೆದಾಗಲೇ ಥಿನ್ನರ್ ವಾಸನೆ ಮುಖಕ್ಕೆ ಹೊಡೆಯಿತು. ಮಣ್ಣಿನ ಗೋಡೆಯ ತುಂಬ ಗಿಳಿಹಸಿರು ಎಣ್ಣೆಬಣ್ಣ. ಪಾಚಿಯ ಮೇಲೆ, ಒಂದೆಲಗದ ಮೇಲೆ, ಹೊನಗೊನ್ನೆಯ ಮೇಲೆ ಒಂದೇ ಸಮನೆ ಬಳಿದಿದ್ದರು. ಒದ್ದೆ ಮಣ್ಣಿಗೆ ಬಣ್ಣ ಹಿಡಿಯುವುದುಂಟೇ? ಹಾಳೆಹಾಳೆಯಾಗಿ ಕಳಚಿ ನೀರಿಗೆ ಬಿದ್ದಿತ್ತು. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪೊರೆ. ನಾಲ್ಕು ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಐದನೆಯದು ಹೆಂಚಿನ ಅಂಚಿನಲ್ಲಿ ಬಾಯಿ ತೆರೆದು ಕೂತಿತ್ತು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಎಂದು ಪ್ರತಿವರ್ಷ ಪಾಠ ಹೇಳುವವಳು ಅದನ್ನು ಕೈಯಲ್ಲೆತ್ತಿಕೊಂಡು, ನೀರು ಬದಲಿಸಿ ಬದಲಿಸಿ ತೊಳೆದಳು. ಹತ್ತು ಗಂಟೆಗೆ ಅದೂ ಸತ್ತಿತು. ಏಡಿ ಎರಡು ದಿನ ಹೆಚ್ಚು ಬದುಕಿತು.

"ಯಾರು ಬಳಿದದ್ದು?" ಎಂದು ಕಾರಿಡಾರಿನಲ್ಲಿ ಅವಳು ಕೂಗಿದ್ದು ಮೈದಾನದ ಶಾಮಿಯಾನದವರೆಗೂ ಕೇಳಿಸಿತು.

ಅಟೆಂಡರ್ ದೇವಯ್ಯ ತಲೆ ತಗ್ಗಿಸಿ ಬಂದ. "ನಾನೇ ಮೇಡಂ. ಸೆಕ್ರೆಟರಿ ಸಾರ್ ಹೇಳಿದ್ರು. ಗೇಟಿಗೆ ಬಳಿದು ಉಳಿದಿತ್ತಲ್ಲ, ಆ ಡಬ್ಬ."

ಮುಖ್ಯೋಪಾಧ್ಯಾಯಿನಿ ಕಲ್ಯಾಣಮ್ಮ ಓಡಿಬಂದಳು. "ಅಲಮೇಲು, ದಯವಿಟ್ಟು ಇವತ್ತೊಂದು ದಿನ ಸುಮ್ಮನಿರು. ಆಮೇಲೆ ನೋಡೋಣ," ಎಂದು ಕೈಮುಗಿದಳು. ತೊಟ್ಟಿಯ ಮೇಲೆ ಜರಿಯಂಚಿನ ಮೇಜುಬಟ್ಟೆ ಹಾಸಿ, ಮೇಲೊಂದು ಹೂದಾನಿ ಇಟ್ಟರು. ಮುಖ್ಯ ಅತಿಥಿ ಅದನ್ನು ನೋಡಿ, ಹೂವು ಚೆನ್ನಾಗಿದೆ ಎಂದು ಹೇಳಿ ಹೋದರು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ವರದರಾಜ ತಾನೇ ಮೈಕಿನ ಮುಂದೆ ನಿಂತ. "ಮಕ್ಕಳೇ, ಪ್ರಯೋಗಾಲಯದ ಕಪ್ಪೆಗಳು ತೀರಿಕೊಂಡಿವೆ. ಮಾರ್ಕೆಟ್ಟಿನಿಂದ ಯಾರೋ ತಂದ ಕೊಳಕು ಮಣ್ಣಿನಿಂದ ಸೋಂಕು ತಗುಲಿದೆ. ನಿಮ್ಮ ಆರೋಗ್ಯದ ದೃಷ್ಟಿಯಿಂದ, ಇನ್ನು ಮುಂದೆ ಅಂಥವರನ್ನು ಗೇಟಿನೊಳಗೆ ಬಿಡುವುದಿಲ್ಲ."

ಆರುನೂರು ಹುಡುಗಿಯರು ಅಲಮೇಲುವಿನ ಕಡೆ ತಿರುಗಿದರು. ಶಿಕ್ಷಕಿಯರ ಸಾಲಿನಲ್ಲಿ ನಿಂತಿದ್ದ ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಇಷ್ಟು ಸಲೀಸಾಗಿ, ಇಷ್ಟು ಮಕ್ಕಳ ಮುಂದೆ, ಇಸ್ತ್ರಿ ಮಾಡಿದ ಅಂಗಿಯ ಒಂದು ಮಡಿಕೆಯೂ ಅಲುಗದಂತೆ ಒಬ್ಬ ಮನುಷ್ಯ ಸುಳ್ಳು ಹೇಳಬಲ್ಲ ಎನ್ನುವುದೇ ಅವಳಿಗೆ ಅರಗಲಿಲ್ಲ. ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಎಲ್ಲರೊಂದಿಗೆ ಅವಳೂ ನೆಟ್ಟಗೆ ನಿಂತಳು.

ಬುಧವಾರ ಮುನಿಗಂಗಮ್ಮ ಎಂದಿನಂತೆ ತಿಂಗಳ ಮೆತ್ತುವ ಕೆಲಸಕ್ಕೆ ಮಣ್ಣಿನ ಮಂಕರಿ ಹೊತ್ತು ಬಂದಳು. "ಕೊಳಕು ಮಣ್ಣು ತರೋಳು ನೀನೇನಾ?" ಎಂದು ವಾಚ್‌ಮನ್ ಗೇಟಿನಲ್ಲೇ ತಡೆದ. ಆಟದ ಪಿರಿಯಡ್ಡಿನ ಹುಡುಗಿಯರು ನೋಡುತ್ತಿದ್ದರು. ಅವಳು ಮಂಕರಿಯನ್ನು ಮತ್ತೆ ತಲೆಗೇರಿಸಿಕೊಂಡು ಬಂದ ದಾರಿಯಲ್ಲೇ ಹೋದಳು. ವಿಷಯ ತಿಳಿದ ಅಲಮೇಲು ಸಂಜೆ ಗಾಂಧಿಬಜಾರಿಗೆ ಓಡಿದಳು.

ಮುನಿಗಂಗಮ್ಮ ತಲೆ ಎತ್ತಲಿಲ್ಲ. "ಸೊಪ್ಪು ಮುಗೀತು," ಎಂದಳು. ಎದುರಿಗೆ ಮಂಕರಿ ತುಂಬ ಸೊಪ್ಪಿತ್ತು.

"ಮುನಿಗಂಗಮ್ಮ, ಅವನು ಸುಳ್ಳು ಹೇಳಿದ. ಬಣ್ಣ ಬಳಿದು ಕೊಂದಿದ್ದು ಅವನೇ."

"ಅದು ನಂಗೊತ್ತು, ದೇವಯ್ಯ ಬಂದು ಹೇಳ್ದ. ಅವ್ನು ಮೈಕ್‌ನಾಗೆ ಹೇಳ್ವಾಗ ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ."

"ಮತ್ತೆ? ನಿಮಗೆ ಸಿಟ್ಟು ಅಂದ್ರೆ ಸಿಟ್ಟು ಅಂತ ಊರೆಲ್ಲ ಹೇಳ್ತದೆ. ಹೆಣ್ಮಕ್ಳ ಮೇಲೆ, ಲಾರಿ ಡ್ರೈವರ್ ಮೇಲೆ ಬರ್ತದೆ. ಆ ಪ್ಯಾಂಟು ಶರಟಿನೋನ ಮುಂದೆ ಎಲ್ಲಿಗೆ ಹೋಗಿತ್ತು?"

ಮುನಿಗಂಗಮ್ಮ ಆ ದಿನ ಅವಳಿಗೆ ಸೊಪ್ಪು ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ.

ಮನೆಯಲ್ಲಿ ಬದರೀನಾರಾಯಣ, "ಹೋಗಲಿ ಬಿಡೇ, ಕಪ್ಪೆ ತಾನೆ," ಎಂದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಆಡಿದ ಅತಿ ದೊಡ್ಡ ತಪ್ಪು ಮಾತು ಅದು. ಅಲಮೇಲು ಹಿಡಿದಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಕಪ್ಪೆ ತಾನೆ, ಸೊಪ್ಪಿನವಳು ತಾನೆ, ಮಣ್ಣು ತಾನೆ. ನೀವೂ ಅವನ ಹಾಗೇ ಮಾತಾಡ್ತೀರಲ್ಲ!" ಆಮೇಲೆ ಅವನು ಆ ವಿಷಯದಲ್ಲಿ ಹಗುರವಾಗಿ ಮಾತಾಡಲಿಲ್ಲ.

ಫೆಬ್ರವರಿಯ ಪೋಷಕರ ಸಭೆಗೆ ಅಲಮೇಲು ಎರಡು ಗಾಜಿನ ಜಾಡಿಗಳನ್ನು ಹೊತ್ತು ತಂದು ವೇದಿಕೆಯ ಮೇಜಿನ ಮೇಲಿಟ್ಟಳು. ಎರಡರಲ್ಲೂ ಅದೇ ಕುಂಟೆಯ ಮಣ್ಣಿನ ಉಂಡೆ, ಅದೇ ನೀರು, ಇಪ್ಪತ್ತಿಪ್ಪತ್ತು ಸೊಳ್ಳೆಮರಿ. ಹಿಂದಿನ ಸಂಜೆ ಒಂದರ ಮಣ್ಣಿಗೆ ಮಾತ್ರ ಆ ಗೇಟಿನ ಬಣ್ಣ ಬಳಿದಿದ್ದಳು. ಬಣ್ಣವಿಲ್ಲದ ಜಾಡಿಯಲ್ಲಿ ಸೊಳ್ಳೆಮರಿಗಳು ಬಳುಕಾಡುತ್ತಿದ್ದವು. ಬಣ್ಣದ ಜಾಡಿಯಲ್ಲಿ ಎಲ್ಲವೂ ತಳ ಸೇರಿದ್ದವು.

"ಮುನಿಗಂಗಮ್ಮನ ಮಣ್ಣು ಕೊಳಕಲ್ಲ. ಕಪ್ಪೆಗಳನ್ನ ಕೊಂದದ್ದು ಬಣ್ಣ. ಬಳಿಸಿದ್ದು ಇವರು," ಎಂದು ವರದರಾಜನ ಕಡೆ ಕೈ ತೋರಿಸಿದಳು.

ವರದರಾಜ ನಿಧಾನಕ್ಕೆ ಎದ್ದು, ಜಾಡಿಗಳನ್ನು ಕನ್ನಡಕದ ಮೇಲಿಂದ ನೋಡಿ, ಮೈಕಿಗೆ ಹೇಳಿದ: "ಬಣ್ಣದಿಂದ ಸೊಳ್ಳೆ ಸಾಯುತ್ತೆ ಅಂತ ಮೇಡಂ ಕಂಡುಹಿಡಿದಿದಾರೆ. ಬಹಳ ಸಂತೋಷ. ಕಾರ್ಪೊರೇಷನ್ನಿಗೆ ತಿಳಿಸೋಣ."

ಸಭೆ ಗೊಳ್ಳೆಂದು ನಕ್ಕಿತು. ಕಲ್ಯಾಣಮ್ಮ ಕೂಡ ಸೆರಗು ಬಾಯಿಗಿಟ್ಟುಕೊಂಡಳು. ಅಲಮೇಲು ಜಾಡಿಗಳನ್ನೆತ್ತಿಕೊಂಡು ಕೆಳಗಿಳಿದು, ಅದೇ ಜಾಡಿಗಳೊಂದಿಗೆ ನೇರ ಗಾಂಧಿಬಜಾರಿಗೆ ಹೋದಳು.

"ಎಲ್ಲರ ಮುಂದೆ ಹೇಳಿದೆ," ಎಂದಳು.

"ಏನಂದ್ರು?"

"ನಕ್ಕರು."

ಮುನಿಗಂಗಮ್ಮ ಎರಡು ಕಟ್ಟು ಹೊನಗೊನ್ನೆ ಎತ್ತಿ ಅವಳ ಚೀಲಕ್ಕೆ ಹಾಕಿದಳು. "ನನ್ನ ಹೆಸರು ಹೇಳಿದ್ರಾ?"

"ಹೇಳಿದೆ."

"ಸರಿ ಬಿಡಿ."

ಆಡಳಿತ ಮಂಡಳಿ ಕಡತಕ್ಕೆಂದು ಒಂದು ವರದಿ ಬರೆಸಿತು: 'ಕಲುಷಿತ ಮಣ್ಣಿನಿಂದ ಪ್ರಾಣಿಗಳ ಮರಣ.' ಕೆಳಗೆ ವಿಷಯ ಶಿಕ್ಷಕಿಯ ಸಹಿ ಬೇಕಿತ್ತು. ಅಲಮೇಲು ಹಾಕಲಿಲ್ಲ. ೨೦೦೧ರಲ್ಲಿ ಕಲ್ಯಾಣಮ್ಮ ನಿವೃತ್ತಳಾದಾಗ ಹಿರಿತನದ ಪ್ರಕಾರ ಆ ಕುರ್ಚಿ ಅಲಮೇಲುವಿಗೆ ಬರಬೇಕಿತ್ತು. ವರದರಾಜ ಅವಳನ್ನು ಕರೆಸಿ, ಹಳೆಯ ಕಡತ ಮುಂದೆ ತಳ್ಳಿ, "ಇದೊಂದು ಬಾಕಿ ಉಳಿದಿದೆ ಮೇಡಂ, ಮುಗಿಸಿಬಿಡಿ. ಐದು ಕಪ್ಪೆ ವಿಷಯಕ್ಕೆ ಇಷ್ಟು ದೊಡ್ಡ ಅವಕಾಶ ಕಳ್ಕೋತೀರಾ?" ಎಂದ.

"ಐದು ಕಪ್ಪೆ, ಒಂದು ಏಡಿ," ಎಂದು ತಿದ್ದಿ ಅವಳು ಎದ್ದು ಬಂದಳು. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು ಮುಖ್ಯೋಪಾಧ್ಯಾಯಿನಿಯಾದಳು.

ಆದರೆ ಅಲಮೇಲು ಸುಮ್ಮನಿರಲಿಲ್ಲ. ಪ್ರತಿವರ್ಷ ಜನವರಿಯಲ್ಲಿ, ಮಹೋತ್ಸವದ ಆ ತಾರೀಖಿಗೆ, ಒಂದು ಪತ್ರ ಬರೆದು ಶಾಲೆಯ ಕಚೇರಿಗೆ ಕೊಡುತ್ತಿದ್ದಳು. 'ಪ್ರಯೋಗಾಲಯದ ಪ್ರಾಣಿಗಳು ಸತ್ತದ್ದು ಎಣ್ಣೆಬಣ್ಣದಿಂದ. ಮಣ್ಣು ಶುದ್ಧವಾಗಿತ್ತು. ಅದನ್ನು ತಂದ ಮುನಿಗಂಗಮ್ಮನವರ ಕ್ಷಮೆ ಕೇಳಬೇಕು.' ಅಷ್ಟೇ. ಸ್ವೀಕರಿಸಿದೆವೆಂಬ ಮೊಹರು ಬೀಳುವವರೆಗೆ ಕೌಂಟರಿನ ಮುಂದಿನಿಂದ ಕದಲುತ್ತಿರಲಿಲ್ಲ. ಹೊಸ ಮುಖ್ಯೋಪಾಧ್ಯಾಯಿನಿ, "ಮೇಡಂ, ಎಷ್ಟು ವರ್ಷ ಅಂತ ಬರೀತೀರಿ?" ಎಂದು ಅಲವತ್ತುಕೊಂಡರೆ, "ಉತ್ತರ ಬರೋವರೆಗೆ," ಎನ್ನುತ್ತಿದ್ದಳು.

ತೊಟ್ಟಿಯನ್ನು ಶಾಲೆ ಗುಜರಿಗೆ ಹಾಕಿದಾಗ ಅವಳೇ ಕೊಂಡು, ಕೈಗಾಡಿಯಲ್ಲಿ ಬಸವನಗುಡಿಯ ಮನೆಗೆ ತರಿಸಿದಳು. ಗಾಜಿಗೆ ಹತ್ತಿದ್ದ ಬಣ್ಣ ಕೆರೆಯಲು ಒಂದು ತಿಂಗಳು ಹಿಡಿಯಿತು. ಬದರೀನಾರಾಯಣ ದಿನಾ ಸಂಜೆ ಬ್ಯಾಂಕಿನಿಂದ ಬಂದು ಪಂಚೆ ಎತ್ತಿಕಟ್ಟಿ ಬ್ಲೇಡು ಹಿಡಿದು ಕೂರುತ್ತಿದ್ದ. ಮುನಿಗಂಗಮ್ಮ ಬಂದು ಗೋಡೆ ಮೆತ್ತಿದಳು. ಬೀದಿಗೆ ತೆರೆಯುವ ಕಿಟಕಿಯ ಪಕ್ಕದಲ್ಲೇ ಅದನ್ನಿಟ್ಟರು. ಒಂದು ಮಳೆಗಾಲವಿಡೀ ಬರೀ ಗಿಡ ಬೆಳೆಸಿ, ನೀರನ್ನು ಹತ್ತಾರು ಸಲ ಬದಲಿಸಿ, ಆಮೇಲೆಯೇ ಕುಂಟೆಯ ಏಡಿಗಳನ್ನೂ ಬಸವನಹುಳುಗಳನ್ನೂ ಬಿಟ್ಟರು. ಕಪ್ಪೆ ಬಿಡಲು ಅಲಮೇಲುವಿಗೆ ಮನಸ್ಸಾಗಲಿಲ್ಲ. ಶಾಲೆಯ ಹುಡುಗಿಯರು ದಾರಿಯಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆ ನೋಡುತ್ತಿದ್ದರು. ಕೇಳಿದವರಿಗೆಲ್ಲ ಅವಳು ಶಾಲೆಯ ಕಥೆಯನ್ನೂ, ಹೆಸರು ಹಿಡಿದೇ, ಹೇಳುತ್ತಿದ್ದಳು. ಹೇಳುವಾಗ ಪ್ರತಿಸಲವೂ ದನಿ ಏರುತ್ತಿತ್ತು.

೨೦೦೬ರಲ್ಲಿ ನಿವೃತ್ತಿ. ಬೀಳ್ಕೊಡುಗೆ ಸಮಾರಂಭ ಬೇಡವೆನ್ನುತ್ತಾಳೆಂದು ಎಲ್ಲರೂ ಎಣಿಸಿದ್ದರು. ಅವಳು ಒಪ್ಪಿದಳು. ಆ ಸಂಜೆ ಆಟೋದಲ್ಲಿ ಮುನಿಗಂಗಮ್ಮನನ್ನು ಕೂರಿಸಿಕೊಂಡು ಬಂದು, ಗೇಟಿನಲ್ಲಿ ಇಳಿಸಿ, ಕೈಹಿಡಿದು ಒಳಗೆ ಕರೆತಂದು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ವಾಚ್‌ಮನ್ ಹೊಸಬ; ಅವನಿಗೆ ಏನೂ ಗೊತ್ತಿರಲಿಲ್ಲ, ನಮಸ್ಕಾರ ಮಾಡಿದ. ವೇದಿಕೆಯ ಮೇಲೆ ವರದರಾಜ ಕೂತಿದ್ದ. ವಯಸ್ಸಾಗಿತ್ತು, ಅಂಗಿ ಮಾತ್ರ ಇನ್ನೂ ಅಷ್ಟೇ ನೀಟು.

ಭಾಷಣಕ್ಕೆ ಕರೆದಾಗ ಅಲಮೇಲು ಧನ್ಯವಾದ ಹೇಳಲಿಲ್ಲ.

"ಈ ಮೈಕಿನಲ್ಲಿ ಏಳು ವರ್ಷದ ಹಿಂದೆ ಒಂದು ಸುಳ್ಳು ಹೇಳಿದ್ರು. ನಾನು ಇಲ್ಲೇ ನಿಂತು ಕೇಳಿಸ್ಕೊಂಡೆ, ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ಕಪ್ಪೆಗಳನ್ನ ಕೊಂದಿದ್ದು ಸೆಕ್ರೆಟರಿಗಳು ಬಳಿಸಿದ ಬಣ್ಣ. ಈ ಶಾಲೆಯಲ್ಲಿ ನಾನು ಮಾಡಿದ ಅತಿ ಒಳ್ಳೆ ಪಾಠ ಆ ಮಣ್ಣಿನ ಗೋಡೆ. ಅದನ್ನ ಕಟ್ಟಿದವರು ಇಲ್ಲಿ ಕೂತಿದಾರೆ. ಮುನಿಗಂಗಮ್ಮ, ಎದ್ದು ನಿಲ್ಲಿ."

ಮುನಿಗಂಗಮ್ಮ ಎದ್ದು ನಿಂತಳು. ಹಿಂದೆಲ್ಲೋ ಚಪ್ಪಾಳೆ ಶುರುವಾಯಿತು. ಕಂಬದ ಪಕ್ಕ ನಿಂತು ಮೊದಲು ತಟ್ಟಿದವನು ದೇವಯ್ಯ. ಈ ಸಲ ನಗುವವರು ಯಾರೂ ಇರಲಿಲ್ಲ. ವರದರಾಜ ಕಾರ್ಯಕ್ರಮ ಪಟ್ಟಿಯನ್ನೇ ಓದುತ್ತ ಕೂತಿದ್ದ. ಶಾಲು ಹೊದಿಸಲು ಬಂದಾಗ ತಗ್ಗಿದ ದನಿಯಲ್ಲಿ, "ಇನ್ನೂ ಮರೆತಿಲ್ವಲ್ಲ ಮೇಡಂ ನೀವು," ಎಂದ.

"ನೀವು ಕ್ಷಮೆ ಕೇಳಿಲ್ಲವಲ್ಲ," ಎಂದಳು ಅಲಮೇಲು. ಶಾಲನ್ನು ಅವನ ಕೈಯಿಂದ ತೆಗೆದುಕೊಂಡು, ಕೆಳಗಿಳಿದು, ಮುನಿಗಂಗಮ್ಮನಿಗೆ ಹೊದಿಸಿದಳು.

ಕ್ಷಮೆಯ ಮಾತು ಆ ದಿನವೂ ಬರಲಿಲ್ಲ. ಮರುವರ್ಷ ಜನವರಿಯಲ್ಲಿ ಅಲಮೇಲು ಬಸವನಗುಡಿಯ ಅಂಚೆ ಕಚೇರಿಗೆ ಹೋಗಿ ಅದೇ ಪತ್ರವನ್ನು ಶಾಲೆಗೆ ರಿಜಿಸ್ಟರ್ ಮಾಡಿ ಕಳಿಸಿದಳು. ಐದನೆಯ ದಿನ ಸ್ವೀಕೃತಿಯ ಕಾರ್ಡು ವಾಪಸ್ ಬಂತು. ಅದರ ಮೇಲಿನ ಸಹಿ ವರದರಾಜನದೇ. ಅವಳು ಅದನ್ನು ಗಂಡನಿಗೆ ತೋರಿಸಿದಳು, ಕಿಟಕಿಯ ಬಳಿ ಗೋಡೆಗೆ ನೀರು ಚಿಮುಕಿಸುತ್ತಿದ್ದ ಮುನಿಗಂಗಮ್ಮನಿಗೂ ತೋರಿಸಿದಳು.

"ಏನಂತೆ?" ಎಂದಳು ಮುನಿಗಂಗಮ್ಮ.

"ಅವನೇ ಸಹಿ ಹಾಕಿ ತಗೊಂಡಿದಾನೆ, ಉತ್ತರ ಮಾತ್ರ ಇಲ್ಲ," ಎಂದು ಅಲಮೇಲು ಕಾರ್ಡನ್ನು ಬೀರುವಿನೊಳಗಿಟ್ಟು ಬಾಗಿಲು ದಬ್ಬಿದಳು.